ಹತ್ತಡಿ ಗೋಡೆಗೆ ಕಾರ್ಖಾನೆಯ ಸ್ಕೇಲು

ಮೆಹಬೂಬ್ ಸಾಬ್ರು ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮೂರು ವರ್ಷವಾಯಿತು, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅವರು ಭದ್ರಾವತಿಯವರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮರದ ಅಚ್ಚು ಮಾಡಿದವರು. ಆ ಅಚ್ಚನ್ನು ಮರಳಲ್ಲಿ ಒತ್ತಿ, ಬಿದ್ದ ಗುಂಡಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ರಿಟೈರಾದ ಮೇಲೆ ಮನೆಯಲ್ಲಿ ಕೂರಲಾಗದೆ ದಿನಾ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ನನ್ನ ಜೊತೆ ಕೆಲಸ ಮಾಡುತ್ತಿದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಬಡಗಿ, ಕಲ್ಲಪ್ಪ. ವಿದ್ಯಾನಗರದಲ್ಲಿ ಜಯಕುಮಾರ್ ಅವರ ಹೊಸ ಮನೆಯ ಟಿವಿ ಗೋಡೆ ನಾನು ಸ್ವಂತ ಹೆಸರಲ್ಲಿ ಹಿಡಿದ ಮೊದಲ ಕಂತ್ರಾಟು. ನೆಲದಿಂದ ಸೀಲಿಂಗಿನವರೆಗೆ ಉದ್ದಕ್ಕೂ ಗೀರು ಕೊರೆದ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ಅದು ಕೆಟ್ಟರೆ ನಾನು ಮತ್ತೆ ಇನ್ನೊಬ್ಬರ ಕೈಕೆಳಗೆ.

ಸಾಬ್ರು ಮೊದಲ ದಿನ ಉಳಿಯನ್ನೇ ಮುಟ್ಟಲಿಲ್ಲ. ಸೀಮೆಸುಣ್ಣ ಹಿಡಿದು ಇಡೀ ಗೋಡೆಯನ್ನು ನೆಲದ ಮೇಲೆ ಬರೆಯುತ್ತ ಕೂತರು. ಪಟ್ಟಿಗಳನ್ನು ನಡುವಿನಿಂದ ಎಣಿಸಬೇಕಂತೆ, ಎರಡೂ ಅಂಚಲ್ಲಿ ಒಂದೇ ಅಗಲದ ತುಂಡು ಉಳಿಯಬೇಕಂತೆ. ಸ್ವಿಚ್ ಬೋರ್ಡು ಗೀರಿನ ಮೇಲೆ ಬರಬಾರದಂತೆ. ಒರೆಸುವುದು, ಬರೆಯುವುದು, ಮತ್ತೆ ಒರೆಸುವುದು. ಅವತ್ತು ಸೋಮವಾರ, ಶುಕ್ರವಾರ ಗೃಹಪ್ರವೇಶ. ನನಗೆ ಕಾಲು ನಿಲ್ಲುತ್ತಿರಲಿಲ್ಲ.

"ಸಾಬ್ರೇ, ರಂಗೋಲಿ ಮುಗೀತಾ?" ಅಂದೆ.

"ನೆಲದ್ ಮೇಲಿನ ತಪ್ಪು ಒರೆಸಬಹುದು ಮಾರಾಯ. ಎತ್ತರ ನಾನ್ ಬಂದ್ಮೇಲೆ ಅಳೆಯೋಣ" ಅಂದು ಅವರು ನಮಾಜಿಗೆ ಹೋದರು.

ಅವರು ಬರುವವರೆಗೆ ಯಾರು ಕಾಯುತ್ತಾರೆ? ನನ್ನ ಟೇಪಿನ ಸ್ಪ್ರಿಂಗ್ ಕಿತ್ತುಹೋಗಿತ್ತು, ಅವರ ಟೇಪು ಅವರ ಜೇಬಲ್ಲೇ ಹೋಗಿತ್ತು. ಅವರ ಚೀಲದಲ್ಲಿ ಎರಡಡಿಯ ಉಕ್ಕಿನ ಸ್ಕೇಲು ಸಿಕ್ಕಿತು. ಏಣಿ ಹತ್ತಿ ಐದು ಸಲ ಇಟ್ಟು ಅಳೆದೆ. ಒಂಬತ್ತಡಿ, ಹತ್ತೂಮುಕ್ಕಾಲು ಇಂಚು. ಚೀಟಿಯಲ್ಲಿ ಬರೆದುಕೊಂಡು, ಅಷ್ಟುದ್ದಕ್ಕೆ ಪಟ್ಟಿ ಕೊಯ್ದು ಕಳಿಸಿ ಅಂತ ಸಾಮಿಲ್ಲಿಗೆ ಫೋನ್ ಮಾಡಿಬಿಟ್ಟೆ.

ಬುಧವಾರ ಪಟ್ಟಿಗಳು ಬಂದವು. ಗೋಡೆಗೆ ನಿಲ್ಲಿಸಿ ನೋಡಿದರೆ ಒಂದೊಂದೂ ಒಂದೂಕಾಲು ಇಂಚು ಗಿಡ್ಡ.

"ಇದ್ರಲ್ಲಿ ಅಳೆದ್ಯಾ?" ಸಾಬ್ರು ಸ್ಕೇಲು ಎತ್ತಿಕೊಂಡು ಕೇಳಿದರು. ಆಗ ಬಿಡಿಸಿ ಹೇಳಿದರು: ಕಬ್ಬಿಣ ಆರಿದಾಗ ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಮೊದಲೇ ದೊಡ್ಡದು ಮಾಡಬೇಕು. ಹಾಗಾಗಿ ಕಾರ್ಖಾನೆಯ ಆ ಸ್ಕೇಲಿನ ಒಂದೊಂದು ಅಡಿಯೂ ನಮ್ಮ ಅಡಿಗಿಂತ ಇಂಚಿನ ಎಂಟನೇ ಒಂದು ಪಾಲು ಉದ್ದ. ಅದರಲ್ಲಿ ಅಳೆದರೆ ಹತ್ತಡಿ ಗೋಡೆ ಕಮ್ಮಿ ತೋರುತ್ತದೆ. ಬರೀ ಗೆರೆ ಎಳೆಯಲು ಇಟ್ಟುಕೊಂಡಿದ್ದರಂತೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಕೇಳದೆ ಚೀಲಕ್ಕೆ ಕೈ ಹಾಕಿದ್ದು ನಾನೇ, ಸರಿ. ಆದರೂ ಹೇಳಬೇಕಿತ್ತು.

ಅಷ್ಟರಲ್ಲಿ ಶಂಕರಘಟ್ಟದ ಆಫೀಸಿನಿಂದ ಜಯಕುಮಾರ್ ಬಂದರು. ಸೀಲಿಂಗಿನ ಕೆಳಗಿನ ಸಂದು ನೋಡಿ ಅವರ ಮುಖ ಕೆಂಪಾಯಿತು. ಅಳೆದವರು ಯಾರು ಅಂತ ಕೇಳಿದರು.

"ಸಾಬ್ರು" ಅಂದೆ.

ನನ್ನ ಅಕ್ಷರದ ಚೀಟಿ ಸಾಬ್ರ ಕೈಯಲ್ಲೇ ಇತ್ತು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಹೌದು ಸಾರ್, ನಂದೇ ತಪ್ಪು. ಶುಕ್ರವಾರಕ್ಕೆ ಸರಿ ಮಾಡ್ಕೊಡ್ತೀವಿ."

ವಯಸ್ಸಾದವರಿಗೆ ಕಣ್ಣು ಕಾಣುವುದಿಲ್ಲ, ಯಾಕೆ ಕರೆತರುತ್ತೀರಿ ಅಂತ ಜಯಕುಮಾರ್ ಅವರ ಹೆಂಡತಿ ಪೂಜಿತಾ ನನ್ನನ್ನು ಕೇಳಿದರು. ಸಾಬ್ರು ಮತ್ತೆ ನೆಲದ ಮೇಲೆ ಕೂತು ಗೆರೆ ಎಳೆಯುತ್ತಿದ್ದರು. ಮಾರನೇ ದಿನ ಮನೆಯಿಂದ ಹಳೆಯ ಬೀಟೆ ಹಲಗೆ ತಂದು, ಅದರಿಂದ ಒಂದೂಕಾಲು ಇಂಚಿನ ಕಪ್ಪು ಅಂಚು ಸೀಳಿ ಗೋಡೆಯ ಬುಡಕ್ಕೆ ಕೂರಿಸಿ, ಪಟ್ಟಿಗಳನ್ನು ಅದರ ಮೇಲೆ ನಿಲ್ಲಿಸಿದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಆ ಅಂಚನ್ನೇ ಹೊಗಳಿದರು. ಜಯಕುಮಾರ್ ತಮ್ಮನ ಮನೆಯ ಗೋಡೆಯನ್ನೂ ನನಗೇ ಕೊಡಿಸಿದರು. ಆದರೆ ಆ ಮುದುಕರನ್ನು ಮಾತ್ರ ಕರೆತರಬೇಡಿ ಅಂದರು. ನಾನು ತಲೆಯಾಡಿಸಿದೆ.

ಸಾಬ್ರ ಮನೆಗೆ ಹೋಗಿದ್ದೆ, ಆ ಮಾತು ಹೇಳಿಬಿಡೋಣ ಅಂತಲೇ. ಅವರ ಹೆಂಡತಿ ಅಖ್ತರ್ ಬೀ ಚಹಾ ಕೊಟ್ಟರು. "ಕೆಲ್ಸ ಇದ್ರೆ ಕರ್ಕೊಂಡ್ ಹೋಗಪ್ಪ. ಮನೇಲಿ ಕೂತು ನನ್ನ ಡಬ್ಬಿಗಳ್ನೆಲ್ಲ ಅಳೀತಾರೆ."

ಸದ್ಯಕ್ಕೆ ಏನೂ ಇಲ್ಲ ಅಂದೆ. ಹೊರಡುವಾಗ ಸಾಬ್ರು ಬೈಕಿನ ಹತ್ತಿರ ಬಂದರು. ಟ್ಯಾಂಕ್ ಕವರಿನಿಂದ ಇಣುಕುತ್ತಿದ್ದ ಹೊಸ ಗೋಡೆಯ ನಕ್ಷೆಯನ್ನು ಎಳೆದು ನೋಡಿದರು. ಕೆಲಸ ಇಲ್ಲ ಅಂದೆಯಲ್ಲ ಅಂತ ಕೇಳಲಿಲ್ಲ. ಕಿವಿಯ ಸಂದಿನ ಪೆನ್ಸಿಲ್ ತೆಗೆದು ಸ್ವಿಚ್ ಬೋರ್ಡನ್ನು ಮೂರು ಇಂಚು ಎಡಕ್ಕೆ ಸರಿಸಿ, ಎರಡು ಪಟ್ಟಿ ಹೊಡೆದುಹಾಕಿ ವಾಪಸ್ ಕೊಟ್ಟರು.

ಗೋಡೆ ಹಾಗೇ ಮಾಡಿದೆ. ಬಹಳ ಚೆನ್ನಾಗಿ ಬಂತು. ಪ್ಲಾನ್ ಯಾರದು ಅಂತ ಜಯಕುಮಾರ್ ಅವರ ತಮ್ಮ ಕೇಳಿದರು.

ನನ್ನದೇ ಅಂದೆ.