ಒಗೆಯುವ ಕಲ್ಲಿನ ಮೇಲೆ ಆಂಜನೇಯ

ಈಗ ಎಲ್ಲರೂ ಲೋಗೋ ಎನ್ನುತ್ತಾರೆ. ಅರವತ್ತರ ದಶಕದಲ್ಲಿ ನಾನು ಜಯನಗರದ ನಮ್ಮ ಮನೆ ಮುಂದೆ ‘ಕಮರ್ಷಿಯಲ್ ಆರ್ಟಿಸ್ಟ್’ ಎಂದು ಬೋರ್ಡು ನೇತುಹಾಕಿದಾಗ ಅದಕ್ಕೆ ಮಾರ್ಕು ಎನ್ನುತ್ತಿದ್ದರು. ಬೋರ್ಡಿನ ಅರ್ಥ ಬೀದಿಯವರಿಗೆ ಆಗಲಿಲ್ಲ. ಅಮ್ಮ ಅದನ್ನು ನೆಂಟರಿಗೆಲ್ಲ ‘ಡ್ರಾಯಿಂಗ್ ಆಫೀಸು’ ಎಂದು ಹೇಳಿ ಮರ್ಯಾದೆ ಉಳಿಸಿಕೊಂಡಿದ್ದಳು. ಅಂಗಡಿಗೆ ಹೋದ ಜನ ಕಂಪನಿಯ ಹೆಸರು ಹಿಡಿದು ಕೇಳುತ್ತಿರಲಿಲ್ಲ. ಗಿಳಿ ಮಾರ್ಕಿನ ಬೆಂಕಿಪೊಟ್ಟಣ ಕೊಡಿ, ಆನೆ ಮಾರ್ಕಿನ ಊದುಬತ್ತಿ ಕೊಡಿ ಎನ್ನುತ್ತಿದ್ದರು. ಪ್ರಾಣಿಪಕ್ಷಿಗಳೆಲ್ಲ ಆಗಲೇ ಒಬ್ಬೊಬ್ಬರ ಪಾಲಾಗಿದ್ದರಿಂದ, ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ಉಳಿದಿದ್ದವರು ದೇವರುಗಳು ಮಾತ್ರ.

ಮುನಿಯಪ್ಪನವರು ನನ್ನ ಮೊದಲ ಗಿರಾಕಿ. ನಮ್ಮ ಬೀದಿ ಎದ್ದದ್ದೇ ಅವರ ರಾಗಿ ಹೊಲದ ಮೇಲೆ. ಹೊಲ ಬಡಾವಣೆಗೆ ಹೋದಮೇಲೆ, ಬಂದ ಪರಿಹಾರವನ್ನೆಲ್ಲ ಸುರಿದು ಮನೆಯ ಹಿಂದೆ ಷೆಡ್ಡು ಹಾಕಿ, ಬಟ್ಟೆ ಸೋಪು ಮಾಡಲು ಕೂತಿದ್ದರು. ಇದೂ ಕೈಕೊಟ್ಟರೆ ಮತ್ತೆ ನೇಗಿಲು ಹಿಡಿಯೋಣವೆಂದರೆ ಉಳಲು ನೆಲವಿರಲಿಲ್ಲ.

“ಮಾರ್ಕು ಆಂಜನೇಯಸ್ವಾಮಿದೇ ಆಗ್ಬೇಕು ಸಾರ್. ನಮ್ಮ ಮನೆದೇವ್ರು. ಅವ್ನು ಮುಂದೆ ನಿಂತ್ರೆ ನಂಗೊಂದು ಧೈರ್ಯ,” ಎಂದರು.

ನಾನು ತಕ್ಷಣ ಒಪ್ಪಿದೆ. ಚಾಲುಕ್ಯರಿಗೆ ವರಾಹ, ತೀರ್ಥಂಕರರಿಗೆ ಒಬ್ಬೊಬ್ಬರಿಗೆ ಒಂದೊಂದು ಲಾಂಛನ, ಇನ್ನು ಅರ್ಜುನನ ಧ್ವಜದ ಮೇಲೆ ಸಾಕ್ಷಾತ್ ಹನುಮಂತ ಎಂದು ಅವರಿಗೊಂದು ಪುಟ್ಟ ಭಾಷಣವನ್ನೂ ಮಾಡಿದೆ. ಆಮೇಲೆ ಕೂತು ಬರೆದೆ ನೋಡಿ, ಒಂದು ಕೈಯಲ್ಲಿ ಬೆಟ್ಟ, ಇನ್ನೊಂದರಲ್ಲಿ ಗದೆ, ತಲೆಯ ಮೇಲೆ ಸುತ್ತಿ ಬಂದ ಬಾಲ, ಬಾಲದ ತುದಿಗೊಂದು ಗಂಟೆ. ಅಚ್ಚು ಕೊರೆಸಿ ಸೋಪಿನ ಮೇಲೆ ಒತ್ತಿದಾಗ ಆ ಗಂಟೆ ಕೂಡ ಸ್ಪಷ್ಟವಾಗಿ ಮೂಡಿತು. ಮುನಿಯಪ್ಪನವರು ಕಣ್ಣಿಗೊತ್ತಿಕೊಂಡರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಕಲಾವಿದನ ಜಂಬ, ಬರಲಿಲ್ಲ.

ಸೋಪು ಅಂಗಡಿಗಳಲ್ಲಿ ಕೂತಲ್ಲೇ ಕೂತಿತು. ವಾಸನೆ ಸಾಲದೇನೋ ಎಂದು ಅವರು ಎಣ್ಣೆ ಬದಲಾಯಿಸಿದರು. ಎದ್ದು ಕಾಣುವುದಿಲ್ಲವೇನೋ ಎಂದು ನಾನು ಮೇಲಿನ ಕಾಗದದ ಬಣ್ಣ ಬದಲಾಯಿಸಿದೆ. ಮುನಿಯಪ್ಪನವರ ಮಾತು ದಿನದಿನಕ್ಕೆ ಕಡಿಮೆಯಾಗುತ್ತಾ ಬಂತು.

ಒಂದು ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳಲು ದೇವರ ಗೂಡಿಗೆ ಕೈಹಾಕಿದೆ. ಅಮ್ಮನಿಗೆ ನಾನೇ ತಂದುಕೊಟ್ಟಿದ್ದ ಸೋಪು ಅಲ್ಲಿ, ತಲೆಯ ಮೇಲೊಂದು ದಾಸವಾಳ ಇಟ್ಟುಕೊಂಡು ಕೂತಿತ್ತು.

“ಇದು ಬಟ್ಟೆ ಒಗೆಯೋಕೆ ತಂದಿದ್ದಲ್ವೇನಮ್ಮಾ?”

“ಹನುಮಂತನ್ನ ಹಿಡ್ಕೊಂಡು ನಿನ್ನ ಪೈಜಾಮ ಉಜ್ಜಲೇನೋ? ಅವನು ಬ್ರಹ್ಮಚಾರಿ, ನಮ್ಮ ಲಂಗಗಳನ್ನ ಅವನ ಕೈಲಿ ಒಗೆಸ್ಲಾ? ಮೊದಲು ಗಂಟೆ ಸವೆಯುತ್ತೆ, ಆಮೇಲೆ ಮೂಗು. ಕೊನೇಲಿ ಉಳಿದ ಚೂರನ್ನ ಬಚ್ಚಲಿಗೆ ಬಿಡೋದಾ? ಪಕ್ಕದ ಮನೆಯೋರೂ ಒಂದು ತಂದು ಪೂಜೆಗೇ ಇಟ್ಟಿದಾರೆ.”

ಸೋಪಿಗಾಗಿ ಅಷ್ಟು ತಲೆ ಕೆಡಿಸಿಕೊಂಡ ನಾನಾಗಲಿ ಮುನಿಯಪ್ಪನವರಾಗಲಿ ಹುಟ್ಟಿದಾರಭ್ಯ ಒಂದು ಬನೀನು ಒಗೆದವರಲ್ಲ! ಅರ್ಜುನನಾದರೂ ಹನುಮಂತನನ್ನು ಬಾವುಟದ ಮೇಲೆ ಕೂರಿಸಿದ್ದ. ಒಗೆಯುವ ಕಲ್ಲಿನ ಮೇಲೆ ಕುಕ್ಕಿರಲಿಲ್ಲ.

ಓಡಿಹೋಗಿ ಮುನಿಯಪ್ಪನವರಿಗೆ ಹೇಳಿದೆ. ರೋಗ ಗೊತ್ತಾಯಿತಲ್ಲ ಎಂದು ಅವರು ಖುಷಿಪಡುತ್ತಾರೆಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಇಳಿಯಿತು.

“ಕೈಮುಗಿದು ಕರ್ಕೊಂಡು ಬಂದೋನು ನಾನು. ಈಗ ವ್ಯಾಪಾರ ಆಗ್ತಿಲ್ಲ, ಹೋಗಪ್ಪಾ ಅಂತ ಹೆಂಗೆ ಹೇಳ್ಲಿ ಸಾರ್? ಹೊಲ ಹೋಯ್ತು. ಅವ್ನೂ ಮುನಿಸ್ಕೊಂಡ್ರೆ ನಂಗೆ ಯಾರವ್ರೆ?”

ಕೊನೆಗೆ ಅವರೇ, ಸ್ವಾಮಿಯನ್ನೇ ಕೇಳಿಬಿಡೋಣ ಎಂದರು. ಚಿಕ್ಕಲಸಂದ್ರದಲ್ಲಿ ಅವರ ಹಿರೀಕರ ಗುಡಿ. ಅಲ್ಲಿ ಒದ್ದೆ ಹೂವನ್ನು ದೇವರ ಎಡಬಲಕ್ಕೆ ಅಂಟಿಸಿ ಅಪ್ಪಣೆ ಕೇಳುವ ಪದ್ಧತಿ. ಬಲದ ಹೂ ಬಿದ್ದರೆ ಆಗಲಿ ಎಂದರ್ಥ. ಎಡದ್ದು ಬಿದ್ದರೆ ಮುಗಿಯಿತು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಸ್ನೇಹಿತರೆದುರು ನಾಸ್ತಿಕವಾದ ಮಂಡಿಸುತ್ತಿದ್ದ ನಾನು, ಅಲ್ಲಿ ಮುನಿಯಪ್ಪನವರಿಗಿಂತ ಗಟ್ಟಿಯಾಗಿ ಕೈಮುಗಿದು ನಿಂತಿದ್ದೆ. ಅವರು “ಸ್ವಾಮಿ, ಸೋಪಿನ ಮೇಲಿಂದ...” ಎಂದು ಬಾಯಿ ತೆರೆದರೋ ಇಲ್ಲವೋ, ಬಲಗಡೆಯ ಹೂ ಪಟಕ್ಕನೆ ಬಿತ್ತು.

ಮುನಿಯಪ್ಪನವರು ಎಷ್ಟೋ ದಿನದ ಮೇಲೆ ನಕ್ಕರು. “ಸ್ವಾಮಿಗೂ ಸಾಕಾಗಿತ್ತು ಅಂತ ಕಾಣುತ್ತೆ ಸಾರ್. ಕೇಳೋಕ್ ಮುಂಚೆನೇ ಕೊಟ್ಬಿಟ್ಟ!”

ವರ್ಷವರ್ಷ ಗಣಪತಿಯನ್ನೇ ನೀರಿಗೆ ಬಿಡುವ ಜನ ನಾವು. ಮುನಿಯಪ್ಪನವರು ಉಳಿದಿದ್ದ ಸೋಪಿಗೆಲ್ಲ ಒಂದು ಮಂಗಳಾರತಿ ಎತ್ತಿ, ಒಲೆಯ ಮೇಲೆ ಕಾಯುತ್ತಿದ್ದ ಕಡಾಯಿಗೇ ವಿಸರ್ಜನೆ ಮಾಡಿದರು. ಕರಗಿಸಿ ಎರೆದ ಅದೇ ಸೋಪಿಗೆ ಹೊಸ ಅಚ್ಚು ಒತ್ತಿದ್ದಾಯಿತು, ಒಂದು ಬಿಂದಿಗೆ. ಗದೆಯಿಲ್ಲ, ಗಂಟೆಯಿಲ್ಲ; ಮಗ್ಗಿ ಬಾರದ ಮಕ್ಕಳೂ ಬರೆಯಬಹುದಾದ ಚಿತ್ರ. ಇದನ್ನು ಬರೆದವನು ನಾನೇ ಎಂದು ಹೇಳಿಕೊಳ್ಳಲು ನಾಚಿಕೆಯಾಗಿತ್ತು.

ಸ್ವಲ್ಪ ದಿನ ಕಳೆದು ಒಂದು ಬೆಳಿಗ್ಗೆ ಬಚ್ಚಲಿನಿಂದ ಅಮ್ಮ ಕೂಗಿದಳು: “ಲೋ, ನಿನ್ನ ಬಿಂದಿಗೆ ಸವೆದೇ ಹೋಯ್ತು ಕಣೋ, ಇನ್ನೊಂದು ತಗೊಂಡ್ಬಾ!” ನನ್ನ ಚಿತ್ರವನ್ನು ಇಷ್ಟು ಮನಸಾರೆ ಯಾರೂ ಉಜ್ಜಿ ಅಳಿಸಿರಲಿಲ್ಲ. ಚಪ್ಪಲಿ ಮೆಟ್ಟಿ ಮೂಲೆಯಂಗಡಿಗೆ ಓಡಿದೆ.

“ಎಲ್ಲಾ ಖಾಲಿ ಆಗೋಯ್ತು ಸಾರ್. ನಾಳೆ ಬನ್ನಿ,” ಎಂದರು ಅಂಗಡಿಯವರು.

ಅಷ್ಟು ಸಂತೋಷವಾಗಿ ನಾನು ಬರಿಗೈಯಲ್ಲಿ ಮನೆಗೆ ಬಂದದ್ದು ಅದೇ ಮೊದಲು.