ರಾಜೀನಾಮೆ ಕೊಡದ ಮಾವನವರು

ಸಿಟ್ಟು ಬಂದರೆ ನಮ್ಮ ಮಾವನವರ ಕೊರಳಿನ ಎಡಗಡೆಯ ನರ ಕಿರುಬೆರಳಿನಷ್ಟು ದಪ್ಪ ಉಬ್ಬುತ್ತಿತ್ತು. ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಮುಂಬಯಿ ವಿಧಾನಸಭೆಯಲ್ಲಿ ಇದೇ ಮನುಷ್ಯ ಎದ್ದು ನಿಂತು ಕನ್ನಡದಲ್ಲಿ ಗುಡುಗುತ್ತಿದ್ದರಂತೆ. ಸುತ್ತ ಕೂತ ಮರಾಠಿ, ಗುಜರಾತಿ ಮಂದಿಗೆ ಒಂದಕ್ಷರ ತಿಳಿಯದಿದ್ದರೂ ಮುಗಿಸುವ ತನಕ ಕೂಡುತ್ತಿರಲಿಲ್ಲವಂತೆ. ಮನೆಯಲ್ಲಿ ಉಪ್ಪು ಬೇಕಾದರೂ ಕೈಸನ್ನೆ. ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಎಂಥಾ ಶಾಸಕರಪ್ಪಾ ಇವರು ಅಂತ ನನಗೆ ನಗು ಬರುತ್ತಿತ್ತು.

ನೇಕಾರರ ಓಣಿಯಲ್ಲಿ ಹುಟ್ಟಿ, ಬ್ರಿಟಿಷರ ಕಾಲದಲ್ಲಿ ಜೈಲು ಕಂಡು, ಸ್ವಾತಂತ್ರ್ಯ ಬಂದ ಮೇಲೆ ಶಾಸಕರಾದವರು. ಮುಂಬಯಿಯಿಂದ ಬಂದು ರೈಲು ಇಳಿದರೆ ಮೊದಲು ಮನೆಯಲ್ಲ, ಓಣಿಯ ಕಟ್ಟೆ. ಸಭೆಯಲ್ಲಿ ತಾವು ಕೇಳಿದ್ದೇನು, ಮಂತ್ರಿಗಳು ಏನು ಹೇಳಿ ಸಾಗಹಾಕಿದರು, ಎಲ್ಲವನ್ನೂ ಅಲ್ಲಿ ಒಪ್ಪಿಸುತ್ತಿದ್ದರು. ಮಗ್ಗ ಬಿಟ್ಟು ಬಂದವರು ಅಡ್ಡಪ್ರಶ್ನೆ ಹಾಕುತ್ತಿದ್ದರು, ಬೈಯುತ್ತಲೂ ಇದ್ದರು. ಬೈಸಿಕೊಂಡು ಬಂದ ದಿನ ಮಾವನವರು ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದರು.

ಕರ್ನಾಟಕ ಒಂದಾಗಬೇಕೆಂಬ ಚಳವಳಿ ಜೋರಾದಾಗ ಆ ಕಟ್ಟೆಯೇ ಅವರಿಗೆ ಮುಳುವಾಯಿತು. ಶಾಸಕರು ರಾಜೀನಾಮೆ ಕೊಟ್ಟು ಹೊರಬರಬೇಕೆಂದು ಊರಿಗೆ ಊರೇ ಕೂಗಿತು. ಏಕೀಕರಣಕ್ಕಾಗಿ ಶಿರಹಟ್ಟಿ, ಮುಂಡರಗಿ ಅಂತ ಕಾಲು ಸವೆಸಿದ್ದ ಮಾವನವರು ರಾಜೀನಾಮೆ ಮಾತ್ರ ಕೊಡಲೊಲ್ಲರು. ಬೆಟಗೇರಿಗೆ ಕುಡಿಯುವ ನೀರು ತರುವ ಯೋಜನೆ ಆಗ ಮುಂಬಯಿಯಲ್ಲಿ ಇನ್ನೇನು ಮಂಜೂರಾಗುವುದರಲ್ಲಿತ್ತು. ತಾವು ಹೊರಬಿದ್ದರೆ ಕೇಳುವವರಿಲ್ಲದೆ ಅದು ಮೂಲೆ ಸೇರುತ್ತದೆಂಬ ಭಯ ಅವರದು. ಕಟ್ಟೆಯ ಮೇಲೆ ಕೂತು ಹೇಳಿದರು. ಯಾರೂ ನಂಬಲಿಲ್ಲ. ಕುರ್ಚಿಯ ಆಸೆಗೆ ನೀರಿನ ನೆವ ಅಂದರು.

ಒಂದು ಮಧ್ಯಾಹ್ನ ಓಣಿಯ ಹೆಂಗಸರು ತಟ್ಟೆಯಲ್ಲಿ ಹಸಿರು ಬಳೆ, ಕುಂಕುಮ ಇಟ್ಟುಕೊಂಡು ಬಂದರು. ಗಂಡಸಿಗೆ ಬಳೆ ಕೊಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ತಟ್ಟೆ ಇಸಿದುಕೊಂಡು, ಉಣ್ಣುತ್ತಿದ್ದ ಮಾವನವರ ಮುಂದೆ ಕುಕ್ಕಿದವರು ಬೇರೆ ಯಾರೂ ಅಲ್ಲ, ನಮ್ಮ ಅತ್ತೆ.

"ಆ ಕುರ್ಚಿ ಬಿಡ್ರಿ. ನಾ ಬಾವಿಗೆ ಹೋದ್ರ ಯಾರೂ ಹಗ್ಗ ಕೊಡವಲ್ರು" ಎಂದರು.

ನರ ಉಬ್ಬಿತು. "ನೀ ಬಾವಿಗೆ ಹೋಗೂದು ತಪ್ಪಲಿ ಅಂತನ ಅಲ್ಲಿ ಕುಂತೀನಿ" ಎಂದು ಮಾವನವರು ಕೈ ತೊಳೆದು ಎದ್ದರು.

ಅವತ್ತಿನಿಂದ ಅತ್ತೆ ಅವರೊಡನೆ ಮಾತು ಬಿಟ್ಟರು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತಿದ್ದರೂ, ರೊಟ್ಟಿ ಆರುತ್ತಿವೆ ಅಂತ ನಿಮ್ಮ ಮಾವಗ ಹೇಳು ಎಂದು ನನಗೆ ಹುಕುಂ. ವರ್ಷಗಟ್ಟಲೆ ನಡೆಯಿತು ಇದು.

ಯೋಜನೆ ಮಂಜೂರಾಯಿತು. ಆದರೆ ಕೆಲಸ ಸುರುವಾಗುವ ಮೊದಲೇ ರಾಜ್ಯ ಬದಲಾಯಿತು. ಕಾಗದಗಳು ಮುಂಬಯಿಯಿಂದ ಬೆಂಗಳೂರಿಗೆ ಹೋಗುವಾಗ ಎಲ್ಲಿ ತಂಗಿದವೋ ದೇವರಿಗೇ ಗೊತ್ತು. ಏಕೀಕರಣದ ದಿನ ಮೆರವಣಿಗೆ ನಮ್ಮ ಮನೆಯ ಮುಂದೆಯೇ ಹೋಯಿತು. ಮಾವನವರು ಹೂವಿನ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾರೂ ನಿಲ್ಲಲಿಲ್ಲ. ಹಾರವನ್ನು ದೇವರ ಕೋಣೆಯಲ್ಲಿಟ್ಟು ಬಂದರು. ನನಗೆ ಓಣಿಯವರ ಮೇಲೆ ಕೆಂಡದಂಥ ಸಿಟ್ಟು ಬಂತು.

ಮಜಾ ಅಂದರೆ, ಬೈದವರೇ ಮತ್ತೆ ಮತ್ತೆ ಅವರನ್ನು ಆರಿಸಿ ಕಳಿಸಿದರು. ನೀರಿನ ಬೆನ್ನು ಹತ್ತುವ ಹುಚ್ಚು ಇನ್ನಾರಿಗಿತ್ತು? ಬೆಂಗಳೂರಿನ ಕಚೇರಿಗಳಲ್ಲಿ ಇವರ ಮಾತಿನ ಧಾಟಿ ಕೇಳಿ ನಗುತ್ತಿದ್ದರಂತೆ. ನಗಲಿ, ಕೆಲಸ ಆದರೆ ಸಾಕು ಎನ್ನುತ್ತಿದ್ದರು. ಕೂದಲೆಲ್ಲ ಬೆಳ್ಳಗಾದ ಮೇಲೆ ಓಣಿಗೆ ನಳ ಬಂತು. ಅತ್ತೆ ಮೊದಲ ತಂಬಿಗೆ ತುಂಬಿ ತಂದು ಅವರ ಮುಂದಿಟ್ಟು, ಕುಡೀರಿ ಎಂದರು. ಅಷ್ಟೇ ರಾಜಿ. ಆ ನಳವಾದರೂ ಎಂಥದು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮಾವನವರು ಕೊನೆಯುಸಿರು ಎಳೆಯುತ್ತಿದ್ದ ದಿನವೂ ಅದು ಬಂದಿರಲಿಲ್ಲ. ಯಾರೋ ಗಂಗಾಜಲ ತಂದರು. ಅತ್ತೆ ಅದನ್ನು ಸರಿಸಿ, ಮಾವನವರು ಓಣಿಗೆ ತಂದ ನಳದ ನೀರನ್ನೇ ಬಾಯಿಗೆ ಬಿಡಬೇಕೆಂದು ಹಟ ಹಿಡಿದರು. ನಾನು ಕೊಡ ಹಿಡಿದು ಓಡಿದೆ. ನಳ ತಿರುವಿದರೆ ಬರೀ ಗಾಳಿ. ಖಾಲಿ ಕೊಡದೊಂದಿಗೆ ಬಂದ ನನ್ನನ್ನು ಕಂಡು ಮಾವನವರು ಅತ್ತೆಗೆ ಹೇಳಿದರು: "ನಾಳಿಗೆ ಬರತೈತಿ ಬಿಡು."

ಅದೇ ಕೊನೆಯ ಮಾತು. ಮರುದಿನ ನೀರು ಬಂತು, ಅವರನ್ನು ಮಣ್ಣು ಮಾಡಿ ಓಣಿಯವರೆಲ್ಲ ಮರಳುವ ಹೊತ್ತಿಗೆ. ಕಾಲು ತೊಳೆದುಕೊಳ್ಳಲು ನಮ್ಮ ಬಾಗಿಲಲ್ಲಿ ಸಾಲಾಗಿ ನಿಂತರು. ನಾನು ಅಳುತ್ತಾ, ಒಳಗೊಳಗೇ ಉರಿಯುತ್ತಾ, ಒಬ್ಬೊಬ್ಬರ ಕಾಲಿಗೆ ಚೂರು ಚೂರೇ ನೀರು ಬಿಡುತ್ತಿದ್ದೆ. ಅತ್ತೆ ಒಳಗಿಂದಲೇ ನೋಡುತ್ತಿದ್ದರು.

"ಕೈ ಬಿಗಿ ಹಿಡೀಬ್ಯಾಡವಾ" ಎಂದರು. "ತುಂಬ ಹಾಕು. ಎಲ್ಲಾರೂ ತೊಳಕೊಳ್ಳಲಿ."