ಜಗತ್ತಿನ ಕ್ರಿಸ್‌ಮಸ್ಸಿನಲ್ಲಿ ನಮ್ಮವ್ವನ ಹುಗ್ಗಿ

ಬಸವಕಲ್ಯಾಣದಲ್ಲಿ ನಾನು ಇಂಗ್ಲಿಷ್ ಕಲಿಸುವ ಖಾಸಗಿ ಶಾಲೆಯಲ್ಲಿ ಡಿಸೆಂಬರ್ ಬಂತೆಂದರೆ ‘ದೇಶದೇಶಗಳ ಕ್ರಿಸ್‌ಮಸ್’ ನಡೆಯುತ್ತದೆ. ಒಬ್ಬೊಬ್ಬ ಟೀಚರಿಗೆ ಒಂದು ದೇಶ, ಒಂದು ಮೇಜು, ಒಂದು ತಿನಿಸು. ಇಡೀ ಶಾಲೆಯಲ್ಲಿ ಈ ಹಬ್ಬ ಮಾಡುವ ಮನೆಯವಳು ನಾನೊಬ್ಬಳೇ. ನನಗೆ ಸ್ವೀಡನ್ ಕೊಟ್ಟರು. ಸ್ವೀಡನ್ ಬೇಡ, ದುಬಲಗುಂಡಿ ಮಾಡುತ್ತೇನೆ ಎಂದೆ. ಹೆಡ್ ಮೇಡಂ ನಕ್ಕರು. ನಾನು ನಗಲಿಲ್ಲ. ಹಾಗಾಗಿ ಒಪ್ಪಿದರು.

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿ ನಮ್ಮೂರು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅವ್ವ ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆದು ಓದಿಸಿದಳು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಕೇಳುವವರಿಗೇ ಆಗುತ್ತದೆ.

ನಮ್ಮ ಕೇರಿಯಲ್ಲಿ ಹಬ್ಬದ ನಸುಕಿಗೆ ಹಲಗಿ, ತಾಳ ಹಿಡಿದು ಮನೆಮನೆಯ ಮುಂದೆ ಭಜನೆ ಹಾಡುತ್ತಾರೆ. ಚರ್ಚಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಜಮಖಾನೆಯ ಮೇಲೆ ಕೂರುತ್ತೇವೆ. ಕೇಕು ಇಲ್ಲ, ಗೋಧಿ ಹುಗ್ಗಿ. ಅದನ್ನು ಕೇರಿಗೆಲ್ಲ ಹಂಚುತ್ತೇವೆ. ಊರಿನ ದೊಡ್ಡ ಮನೆಗಳಿಗೆ ಮಾತ್ರ ಹುಗ್ಗಿ ಹೋಗುವುದಿಲ್ಲ, ಮೊರದಲ್ಲಿ ಹಸಿ ಗೋಧಿ, ಬೆಲ್ಲ ಹೋಗುತ್ತದೆ. ಅದಕ್ಕೆ ಶಿಧಾ ಎನ್ನುತ್ತಾರೆ. ನಾವು ಬೆಳೆದ ಕಾಳು ಅವರಿಗೆ ನಡೆಯುತ್ತದೆ, ನಮ್ಮ ಒಲೆಯ ಅಡುಗೆ ನಡೆಯುವುದಿಲ್ಲ. ಚಿಕ್ಕವಳಿದ್ದಾಗ ಆ ಮೊರ ಹೊತ್ತು ಹೋಗುತ್ತಿದ್ದವಳು ನಾನೇ.

ಶಾಲೆಯ ವಿಷಯ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು.

“ಶಿಧಾ ಒಯ್ತೀಯೇನು, ಹುಗ್ಗಿ ಒಯ್ತೀಯೇನು?”

“ಹುಗ್ಗಿನೇ ಒಯ್ತೀನಿ. ಓದಿದ ಮಂದಿ ಅದಾರವ್ವಾ.”

ಆ ದಿನ ನಸುಕಿನಲ್ಲೇ ಅವ್ವ ಎದ್ದು ಒಲೆಯ ಮೇಲೆ ಹುಗ್ಗಿಗೆ ಇಟ್ಟಳು. ಮನೆಗೆಂದು ಎತ್ತಿಟ್ಟ ತುಪ್ಪವನ್ನೂ ಸುರಿದಳು. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಬಂದೆ.

ಜರ್ಮನಿಯ ಮೇಜಿನಲ್ಲಿ ಹತ್ತಿಯ ಹಿಮ ಹೊದ್ದ ಗಿಡ, ಬೇಕರಿ ಕೇಕು. ಮೆಕ್ಸಿಕೋದವರು ಬಣ್ಣದ ಕಾಗದದ ನಕ್ಷತ್ರ ಕಟ್ಟಿ ಕೋಲಿನಿಂದ ಒಡೆಸಿದರು, ಚಾಕ್ಲೇಟು ಉದುರಿದವು. ಜಪಾನಿನಲ್ಲಿ ಆ ದಿನ ಕರಿದ ಕೋಳಿ ತಿನ್ನುತ್ತಾರಂತೆ. ಶಾಲೆಯಲ್ಲಿ ಅದು ನಡೆಯುವುದಿಲ್ಲವೆಂದು ಹೂಕೋಸಿನ ಭಜಿ ಇಟ್ಟಿದ್ದರು. ಸಸ್ಯಾಹಾರಿ ಟೀಚರುಗಳು ತತ್ತಿ ಹಾಕಿದ ಕೇಕನ್ನು ಎರಡೆರಡು ಸಲ ತಿಂದರು. ನನ್ನ ಮೇಜಿಗೆ ಬಂದವರು ಪರಿಮಳ ಹೊಗಳಿದರು, ಮೊಬೈಲಿನಲ್ಲಿ ಫೋಟೊ ತೆಗೆದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಹಲ್ಲುನೋವು, ಒಬ್ಬರದು ಆಗಲೇ ಊಟವಾಗಿತ್ತು. ಸೌಟು ಹಿಡಿದು ನಿಂತವಳು ನಿಂತೇ ಇದ್ದೆ.

ಹೆಡ್ ಮೇಡಂ ಹತ್ತಿರ ಬಂದು ಬಹಳ ಮೆತ್ತಗೆ ಹೇಳಿದರು: “ಮುಂದಿನ ವರ್ಷ ಗೋಧಿ, ಬೆಲ್ಲ ತಂದುಬಿಡ್ರಿ ಮೇಡಂ. ಇಲ್ಲೇ ಮಾಡಿಸೋಣ. ಎಲ್ಲಾರೂ ತಿಂತಾರ.”

ಆ ಮೆತ್ತಗಿನ ದನಿಯನ್ನು ನಾನು ಈಗಲೂ ಕ್ಷಮಿಸಿಲ್ಲ. ನಮ್ಮೂರಿನ ದೊಡ್ಡ ಮನೆಯವರು ಬಾಗಿಲಲ್ಲಿ ನಿಂತು ನೇರವಾಗಿ ಹೇಳುತ್ತಿದ್ದರು. ಇವರು ಹೆಗಲ ಮೇಲೆ ಕೈಯಿಟ್ಟು ಹೇಳಿದರು.

ಕೊನೆಗೆ ವಂದನಾರ್ಪಣೆ ಮಾಡಿದ ಟೀಚರು, ಎಲ್ಲ ದೇಶಗಳ ರುಚಿಯನ್ನೂ ಸವಿದು ಧನ್ಯರಾದೆವು ಎಂದರು. ನಾನು ಹೋಗಿ ಮೈಕು ತೆಗೆದುಕೊಂಡೆ.

“ಸುಳ್ಳು ಹೇಳಬ್ಯಾಡ್ರಿ. ಕೇಕು ಯಾರು ಮಾಡ್ಯಾರ ಅಂತ ಕೇಳಲಾರ್ದ ತಿಂದ್ರಿ. ಹುಗ್ಗಿ ಯಾರು ಮಾಡ್ಯಾರ ಅಂತ ಗೊತ್ತಿತ್ತು, ಅದಕ್ಕ ಮುಟ್ಟಲಿಲ್ಲ.”

ಡಬ್ಬಿ ಮುಚ್ಚಿಕೊಂಡು ಹೊರಟೆ.

ಮನೆಯಲ್ಲಿ ಅವ್ವ ಡಬ್ಬಿ ಎತ್ತಿ ನೋಡಿದಳು. ಭಾರವಿತ್ತು. ನಾನು ಮಾತು ತೇಲಿಸಲಿಲ್ಲ, ನಡೆದದ್ದನ್ನು ನಡೆದಂತೆ ಹೇಳಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನ ಅವರ ಮನಿ ನೀರೂ ಕುಡೀಬ್ಯಾಡ,” ಎಂದಳು.

ಜನವರಿಯಿಂದ ನನ್ನಿಂದ ಹತ್ತನೇ ತರಗತಿ ಕಿತ್ತುಕೊಂಡು ಎಲ್‌ಕೆಜಿ ಕೊಟ್ಟಿದ್ದಾರೆ. ಕಲಿಸುತ್ತೇನೆ. ಸಂಕ್ರಾಂತಿಗೆ ಸ್ಟಾಫ್ ರೂಮಿನಲ್ಲಿ ಅದೇ ಟೀಚರುಗಳು ಎಳ್ಳುಬೆಲ್ಲ ನೀಡಲು ಬಂದರು. ನಾನು ಕೈ ಚಾಚಲಿಲ್ಲ. ಯಾಕೆ ಎಂದು ಕೇಳಿದರು. ಅವರಂತೆ ನೆಪ ಹೇಳಲಿಲ್ಲ, ಕಾರಣವನ್ನೇ ಹೇಳಿದೆ.